ನಳಿಗೆಯೋ, ನಾಳೆಗೆಯೋ

ನನ್ನ ಅತ್ತೆ ಬೋರ್ಗಿಲ್ಡ್ ನನ್ನ ಕೈಚಳಕದ ಪರಮ ಅಭಿಮಾನಿ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬುವುದಕ್ಕೆ ಆಧಾರವೂ ಇತ್ತು. ಮದುವೆಯಾದ ಹೊಸತರಲ್ಲಿ ನಮ್ಮ ಬಿಸಿಲ ನಾಡು ಲೂಸಿಯಾನದ ಕಡೆಯ ಖಾರದ ಸೀಗಡಿ ಸಾರು ಮಾಡಿ ಬಡಿಸಿದೆ. ಅವರು ಒಂದು ಚಮಚ ಕುಡಿದರು. ಚಮಚ ಕೆಳಗಿಟ್ಟರು. ಕಿಟಕಿಯಾಚೆ ಹೆಪ್ಪುಗಟ್ಟಿದ್ದ ಕೆರೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಬೇರೆ ಥರಾ ಇದೆ" ಎಂದರು. ಇನ್ನೊಮ್ಮೆ ನಾನೇ ಕೈಯಾರೆ ಪುಸ್ತಕದ ಕಪಾಟು ಮಾಡಿದೆ. ಕಪಾಟು ಗೋಡೆಗೆ ಒರಗಿ, ಗೋಡೆ ಕಪಾಟಿಗೆ ಒರಗಿ, ಎರಡೂ ಹೇಗೋ ಸಂಸಾರ ತೂಗಿಸುತ್ತಿದ್ದವು. ಅತ್ತೆ ಅದನ್ನೂ ನೋಡಿ, "ಬೇರೆ ಥರಾ ಇದೆ" ಎಂದರು. ನನ್ನ ಎದೆ ಎರಡಂಗುಲ ಉಬ್ಬಿತು.

ಯಾಕೆಂದರೆ ನಾನು ಅಳಿಯನಾಗಿ ಬಂದು ನೆಲೆಸಿದ ಈ ಉತ್ತರ ಮಿನ್ನೆಸೋಟದ ಜನ ಮಾತಿನಲ್ಲಿ ಮಹಾ ಜಿಪುಣರು. ಛಾವಣಿ ಕಿತ್ತುಕೊಂಡು ಹೋದ ಬಿರುಗಾಳಿಗೆ "ಸ್ವಲ್ಪ ಗಾಳಿ ಇತ್ತು" ಅನ್ನುತ್ತಾರೆ. ಅತ್ತೆ ನ್ಯುಮೋನಿಯಾ ಬಂದು ಮೂಗಿಗೆ ಆಮ್ಲಜನಕ ಏರಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ ಹೇಳಿದ್ದು "ಅಷ್ಟೇನೂ ಚೆನ್ನಾಗಿಲ್ಲ" ಎಂದು. ಇಂಥವರ ಬಾಯಿಂದ "ಬೇರೆ ಥರಾ" ಹೊರಟರೆ ಅದು ಚಿನ್ನದ ಪದಕವಲ್ಲದೆ ಇನ್ನೇನು!

ಆ ನ್ಯುಮೋನಿಯಾ ಆದ ಮೇಲೆ ಅತ್ತೆ ನಮ್ಮ ಮನೆಗೇ ಬಂದರು. ಎದೆಗೆ ಇನ್ನೊಮ್ಮೆ ಚಳಿ ತಾಗಿದರೆ ನಾನೇನೂ ಮಾಡಲಾರೆ ಎಂದು ಡಾಕ್ಟರು ನನ್ನನ್ನೇ ದಿಟ್ಟಿಸಿ ಹೇಳಿದ್ದರು. ಅದಕ್ಕೇ ನೆಲಮಾಳಿಗೆಯಲ್ಲಿದ್ದ, ಮನೆಯನ್ನೆಲ್ಲ ಬೆಚ್ಚಗಿಡುವ ಹಳೆಯ ಫರ್ನೇಸನ್ನು ತೆಗೆಸಿ ಹೊಸ ಗ್ಯಾಸ್ ಫರ್ನೇಸು ಹಾಕಿಸಿದೆವು. ಹಳೆಯದು ಧಾರಾಳಿ; ಮನೆಗೆ ಕೊಡುವಷ್ಟೇ ಬಿಸಿಯನ್ನು ಚಿಮಣಿಯ ಮೂಲಕ ಆಕಾಶಕ್ಕೂ ದಾನ ಮಾಡುತ್ತಿತ್ತು. ಹೊಸದಕ್ಕೆ ಈ ಊರಿನದೇ ಬುದ್ಧಿ. ಹೋಗುವ ಹೊಗೆಯನ್ನೂ ತಡೆದು ಅದರ ಬಿಸಿ ಹಿಂಡಿಕೊಳ್ಳುತ್ತದೆ. ಹಿಂಡಿದ ಮೇಲೆ ನೀರು ಬರಲೇಬೇಕಲ್ಲ! ಹೊಗೆಯೊಳಗಿನ ಆವಿ ತಣಿದು ನೀರಾಗಿ ಹಗಲೂ ರಾತ್ರಿ ತೊಟ್ಟಿಕ್ಕುತ್ತದೆ. ಆ ನೀರಿಗೆ ಹೋಗಲು ದಾರಿ ಸಿಗದಿದ್ದರೆ ಫರ್ನೇಸು ಮುನಿಸಿಕೊಂಡು ಉರಿಯುವುದನ್ನೇ ನಿಲ್ಲಿಸುತ್ತದೆ.

ಫಿಟ್ಟರ್ ವೆಂಡೆಲ್ ಒಂದು ರಬ್ಬರ್ ಪೈಪನ್ನು ಬಕೆಟ್ಟಿಗೆ ಇಳಿಬಿಟ್ಟು ಹೋದ. ಮೋರಿ ಇರುವುದು ನೆಲಮಾಳಿಗೆಯ ಆ ಮೂಲೆಯಲ್ಲಿ, ಮುಂದಿನ ವಾರ ಬಂದು ಚಿಕ್ಕ ಪಂಪು ಕೂರಿಸಿ ನೀರನ್ನು ಅಲ್ಲಿಗೆ ತಳ್ಳಿಸುತ್ತೇನೆ, ಅಲ್ಲಿಯವರೆಗೆ ಬಕೆಟ್ ಚೆಲ್ಲುತ್ತಿರಿ ಎಂದ. ಅಂದಿನಿಂದ ನಾನು ಬಕೆಟ್ಟಿನ ಕಾವಲುಗಾರನಾದೆ. ಸಂತೆಗೆ ಹೋದರೂ ಬಕೆಟ್ಟಿನ ಚಿಂತೆ, ಚರ್ಚಿನಲ್ಲಿ ಕಣ್ಣು ಮುಚ್ಚಿದರೂ ಬಕೆಟ್ಟಿನದೇ ದರ್ಶನ. ಒಂದು ಬೆಳಿಗ್ಗೆ ಓಟ್ಸ್ ಗಂಜಿಯ ಮುಂದೆ ಎದ್ದು ನಿಂತು ಘೋಷಿಸಿದೆ: ಪಂಪೂ ಬೇಡ, ವೆಂಡೆಲ್ಲೂ ಬೇಡ, ನಳಿಗೆಯನ್ನು ನಾನೇ ಹಾಕುತ್ತೇನೆ! ಪೈಪು ಎಂಬ ಸಾಮಾನ್ಯ ಶಬ್ದ ಆ ಗಳಿಗೆಗೆ ಸಾಲದು ಅನ್ನಿಸಿತ್ತು.

ನನ್ನ ಹೆಂಡತಿ ಲವಾನ್ ಗಂಜಿಯಿಂದ ತಲೆ ಎತ್ತದೆ ಕೇಳಿದಳು: "ನಳಿಗೆ ಹಾಕ್ತೀಯೋ, ನಾಳೆಗೆ ಹಾಕ್ತೀಯೋ?"

ಈ ಮಾತು ಕೇಳಿದ ಮೇಲೂ ಸುಮ್ಮನಿದ್ದರೆ ನಾನು ಗಂಡಸೇ? ಲೂಸಿಯಾನದ ನಮ್ಮ ಮನೆಯಲ್ಲಿ ಏಸಿಯ ನೀರು ಗೋಡೆ ತೂರಿದ ಒಂದು ಪೈಪಿನಿಂದ ಹೊರಬಂದು ಅಮ್ಮನ ಪುದೀನ ಕುಂಡಕ್ಕೆ ಬೀಳುತ್ತಿತ್ತು. ಎಂಥ ಸರಳ, ಎಂಥ ಸುಂದರ ವ್ಯವಸ್ಥೆ! ಅದನ್ನೇ ಇಲ್ಲಿ ಪ್ರತಿಷ್ಠಾಪಿಸಿದೆ. ಗೋಡೆಗೆ ತೂತು ಕೊರೆದೆ. ಬಿಳಿ ಪೈಪುಗಳನ್ನು ಜೀವಮಾನದಲ್ಲಿ ಬಿಚ್ಚದ ಹಾಗೆ ಅಂಟು ಹಾಕಿ ಕೂಡಿಸಿದೆ. ಹೊರಗೆ ಹಿತ್ತಲ ಬಾಗಿಲ ಪಕ್ಕ ತೊಟ್ ತೊಟ್ ಎಂದು ನೀರು ಬಿತ್ತು. ಬಕೆಟ್ಟನ್ನು ಮೆರವಣಿಗೆಯಲ್ಲಿ ಒಯ್ದು ಕಸದ ಡಬ್ಬಿಗೆ ಎಸೆದೆ.

ಲವಾನ್ ಕೈಕಟ್ಟಿ ನೋಡಿ, "ಹ್ಞಾಂ, ಬೇರೆ ಥರಾ ಇದೆ" ಎಂದಳು. ಅತ್ತೆ ಕೋಟು ಹೊದ್ದು ಬಾಗಿಲ ತನಕ ಬಂದು, ಪೈಪನ್ನೂ ಆಕಾಶವನ್ನೂ ಒಂದೊಂದು ಸಲ ನೋಡಿ, "ತುಂಬಾನೇ ಬೇರೆ ಥರಾ ಇದೆ" ಎಂದರು. ತುಂಬಾನೇ! ಇಷ್ಟು ವರ್ಷದಲ್ಲಿ ಆ ಪದಕ ನನಗೆ ಸಿಕ್ಕಿರಲಿಲ್ಲ.

ಮರುದಿನ ನೋಡಿದರೆ ಬಕೆಟ್ಟು ಕಸದಿಂದ ವಾಪಸ್ಸು ಬಂದು, ತೊಳೆಸಿಕೊಂಡು, ಅತ್ತೆಯ ಕುರ್ಚಿಯ ಪಕ್ಕ ಉಣ್ಣೆಯ ಉಂಡೆಗಳನ್ನು ತುಂಬಿಕೊಂಡು ಕೂತಿತ್ತು. ಯಾಕೆ ಎನ್ನುವಂತೆ ನೋಡಿದೆ. "ಒಳ್ಳೇ ಬಕೆಟ್ಟು" ಎಂದರು. ಹಳೇ ಕಾಲದವರ ಮಿತವ್ಯಯ ಎಂದು ಒಳಗೊಳಗೇ ನಕ್ಕೆ.

ಆ ವಾರ ಚಳಿ ಸೌಮ್ಯವಾಗಿತ್ತು. ಆಮೇಲೆ ಕೆನಡಾದ ಕಡೆಯಿಂದ ಗಾಳಿ ಇಳಿಯಿತು. ಉಗುಳಿದ್ದು ನೆಲ ಮುಟ್ಟುವ ಮೊದಲೇ ಕಲ್ಲಾಗುವಂಥ ಚಳಿ. ಪಕ್ಕದ ಮನೆಯವರು "ತುಸು ತಂಪು" ಎಂದರು. ಮಧ್ಯಾಹ್ನ ಊಟವಾಗಿ, ಅತ್ತೆ ಕಾಲುಚೀಲ ಹೆಣೆಯುತ್ತ ಕೂತಿದ್ದರು, ಲವಾನ್ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಇದ್ದಕ್ಕಿದ್ದಂತೆ ನನಗೊಂದು ಸದ್ದು ಕೇಳಿಸಿತು. ಸರಿಯಾಗಿ ಹೇಳಬೇಕೆಂದರೆ, ಕೇಳಿಸಲಿಲ್ಲ. ಫರ್ನೇಸಿನ ಗುಂಯ್ ಎನ್ನುವ ಸದ್ದು ನಮ್ಮ ಉಸಿರಿದ್ದ ಹಾಗೆ. ಇದ್ದಾಗ ಗಮನಕ್ಕೇ ಬರುವುದಿಲ್ಲ, ನಿಂತರೆ ಎದೆ ಝಲ್ಲೆನ್ನುತ್ತದೆ.

ನೆಲಮಾಳಿಗೆಗೆ ಹಾರಿದೆ. ಫರ್ನೇಸಿನ ಕೆಂಪು ದೀಪ ಮಿಟುಕುತ್ತಿತ್ತು. ಸ್ವಿಚ್ಚು ಆರಿಸಿ ಹಾಕಿದೆ. ಅದು ಎದ್ದಿತು, ಗಂಟಲಲ್ಲಿ ಗೊಳಗೊಳ ಎಂದಿತು, ಬಿಕ್ಕಿತು, ಮತ್ತೆ ಸತ್ತಿತು. ಹೊರಗೆ ಓಡಿದೆ. ನನ್ನ ನಳಿಗೆಯ ಬಾಯಿಂದ ತೊಡೆಗಾತ್ರದ ಮಂಜಿನ ಕಂಬವೊಂದು ಇಳಿದು ನೆಲಕ್ಕೆ ಬೇರು ಬಿಟ್ಟಿತ್ತು. ಪುದೀನ ಕುಂಡದ ಲೆಕ್ಕ ಹಾಕಿದವನಿಗೆ ಚಳಿಯಲ್ಲಿ ನೀರು ಹೆಪ್ಪುಗಟ್ಟುತ್ತದೆ ಎಂಬ, ಇಲ್ಲಿನ ನಾಯಿಗೂ ಗೊತ್ತಿರುವ ಸಂಗತಿ ಹೊಳೆದೇ ಇರಲಿಲ್ಲ! ಕೆಟಲಿನಲ್ಲಿ ನೀರು ಕುದಿಸಿ ತಂದು ಸುರಿದೆ. ಕಂಬ ಇನ್ನಷ್ಟು ದಪ್ಪವಾಯಿತು. ಕೂದಲು ಒಣಗಿಸುವ ಯಂತ್ರ ಹಿಡಿದೆ. ಸುರಿದ ನೀರೇ ಕಾಲಡಿ ಗಾಜಾಗಿ, ನಾನು ಆ ಯಂತ್ರದ ಸಮೇತ ಸಾಷ್ಟಾಂಗ ಬಿದ್ದೆ.

ಒಳಗೆ ಬಂದು ಗೋಡೆಯ ಉಷ್ಣಮಾಪಕ ನೋಡಿದರೆ ಮುಳ್ಳು ಆಗಲೇ ಕೆಳಗಿಳಿಯುತ್ತಿತ್ತು. ಅತ್ತೆಗೆ ಗೊತ್ತಾಗಬಾರದೆಂದು ಓವನ್ನು ಪೂರ್ತಿ ಹೊತ್ತಿಸಿ ಬಾಗಿಲು ತೆರೆದಿಟ್ಟೆ. ಏನು ಬೇಯಿಸುತ್ತಿದ್ದೀಯ ಎಂದು ಕೇಳಿದರು. ಇನ್ನೂ ತೀರ್ಮಾನಿಸಿಲ್ಲ ಎಂದೆ. ಅವರು ಎದ್ದು ಹೋಗಿ ಕೋಟು ತೊಟ್ಟು ಬಂದು ಹೆಣೆಯುತ್ತ ಕೂತರು. ಸ್ವಲ್ಪ ಹೊತ್ತಿಗೆ ಟೋಪಿ ಬಂತು. ಆಮೇಲೆ ಒಂದು ಕೆಮ್ಮು. ಒಂದೇ ಒಂದು, ಸಣ್ಣದು. ಡಾಕ್ಟರ ಮುಖ ಕಣ್ಣ ಮುಂದೆ ಬಂದು ನನ್ನ ಬೆನ್ನಹುರಿಯಲ್ಲಿ ಇನ್ನೊಂದು ಮಂಜಿನ ಕಂಬ ಇಳಿಯಿತು.

ವೆಂಡೆಲ್‌ಗೆ ಫೋನ್ ಮಾಡಿದೆ; ಊರಿನ ಅರ್ಧ ಫರ್ನೇಸುಗಳು ಕೆಟ್ಟಿವೆ, ಕತ್ತಲಾದ ಮೇಲೆ ಬರುತ್ತೇನೆ ಎಂದ. ಲವಾನ್‌ಗೆ ಮಾಡಿದೆ. ಎಲ್ಲ ಒಪ್ಪಿಸಿದೆ. ಕೊನೆಗೆ ತಪ್ಪಿನಲ್ಲಿ ಒಂದು ಪಾಲು ಅವರಿಗೂ ಇರಲೆಂದು ಹೇಳಿದೆ:

"ನೀವಿಬ್ಬರೂ ನೋಡಿದ್ರಲ್ಲ! ಬೇರೆ ಥರಾ ಇದೆ ಅಂತ ಹೊಗಳಿದ್ರಲ್ಲ!"

ಆ ಕಡೆಯಿಂದ ಲವಾನ್ ಕೇಳಿದಳು:

"ಕ್ಲೋವಿಸ್, ಬೇರೆ ಥರಾ ಅಂದ್ರೆ ಏನು ಅಂದ್ಕೊಂಡಿದ್ದೆ ನೀನು, ಇಷ್ಟು ವರ್ಷ?"

ಸೀಗಡಿ ಸಾರು ಕಣ್ಣ ಮುಂದೆ ಬಂತು. ಕಪಾಟು ಬಂತು. ಪದಕಗಳೆಲ್ಲ ಒಂದೊಂದಾಗಿ ಎದೆಯಿಂದ ಕಳಚಿ ಬೀಳುವ ಸದ್ದು ನನಗೇ ಕೇಳಿಸಿತು.

"ಲವಾನ್, ನಮ್ಮ ಮದುವೆಗೆ ಮುಂಚೆ, ನನ್ನನ್ನ ಮೊದಲ ಸಲ ನೋಡಿದಾಗ ನಿಮ್ಮಮ್ಮ ಏನಂದಿದ್ರು?"

"ಅದೆಲ್ಲ ಈಗ ಬೇಡ. ಅಮ್ಮನ್ನ ಬೆಚ್ಚಗಿಡು" ಎಂದು ಫೋನ್ ಇಟ್ಟಳು.

ಮತ್ತೆ ನೆಲಮಾಳಿಗೆಗೆ ಇಳಿದು ನನ್ನ ನಳಿಗೆಯ ಮುಂದೆ ನಿಂತೆ. ಎಲ್ಲಿ ಎಳೆದರೂ ಬಿಚ್ಚದು, ಜೀವಮಾನದ ಅಂಟು! ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಕೋಟು, ಟೋಪಿ, ಕೈಗವಸು ತೊಟ್ಟ ಅತ್ತೆ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದರು. ಕೈಯಲ್ಲಿ ಬಕೆಟ್ಟು. ಒಳಗಿದ್ದ ಉಣ್ಣೆಯನ್ನೆಲ್ಲ ಖಾಲಿ ಮಾಡಿದ್ದರು. ಮೇಲೆ ಹೋಗಿ, ಇಲ್ಲಿ ಚಳಿ ಎಂದು ಬೇಡಿಕೊಂಡೆ. ಅವರು ಬಕೆಟ್ಟನ್ನು ಪೈಪಿನ ಕೆಳಗಿಟ್ಟು, ಕೆಳಗಿನ ಮೆಟ್ಟಿಲ ಮೇಲೆ ಕೂತು, ಎರಡನೆಯ ಸಲ ಕೆಮ್ಮಿದರು.

ಗರಗಸ ತೆಗೆದುಕೊಂಡೆ. ನನ್ನ ಕೈಯಾರೆ ಹಾಕಿದ್ದನ್ನು ನನ್ನ ಕೈಯಾರೆ ಕೊಯ್ದೆ. ತಡೆದು ನಿಂತಿದ್ದ ನೀರು ಮೊದಲು ನನ್ನ ಮುಖಕ್ಕೆ, ಆಮೇಲೆ ಬಕೆಟ್ಟಿಗೆ ನುಗ್ಗಿತು. ಸ್ವಿಚ್ಚು ಹಾಕಿದೆ. ಟಿಕ್ ಎಂದಿತು. ಭಗ್ ಎಂದು ಹೊತ್ತಿಕೊಂಡು ಗುಂಯ್ ಎಂದಿತು. ಆ ಸದ್ದಿನಷ್ಟು ಸುಶ್ರಾವ್ಯವಾದ ಸಂಗೀತವನ್ನು ನಾನು ಇದುವರೆಗೆ ಕೇಳಿಲ್ಲ.

ಅತ್ತೆಯನ್ನು ಮೇಲೆ ಕರೆದೊಯ್ದು, ಕಂಬಳಿ ಹೊದಿಸಿ, ಬಿಸಿ ಕಾಫಿ ಕೈಗಿತ್ತೆ. ಮೂರನೆಯ ಕೆಮ್ಮು ಬರಬಹುದೆಂದು ಕಿವಿ ನಿಮಿರಿಸಿ ಕಾದೆ. ಬರಲಿಲ್ಲ. ಮುಖಕ್ಕೆ ಬಣ್ಣ ಬಂತು. ನನಗೂ ಜೀವ ಬಂತು. ಜೀವ ಬಂದ ಕೂಡಲೇ ನಾಲಿಗೆಯೂ ಬಂತು.

"ಅಮ್ಮಾ, ಅವತ್ತು ಕಸದ ಡಬ್ಬಿಯಿಂದ ಆ ಬಕೆಟ್ ಎತ್ತಿಟ್ಟುಕೊಂಡಿದ್ದು ಉಣ್ಣೆ ಇಡೋದಕ್ಕೇ ತಾನೆ?"

ಅತ್ತೆ ಕಾಫಿ ಬಟ್ಟಲನ್ನು ಕೆಳಗಿಟ್ಟರು. ಕಿಟಕಿಯಾಚೆ ಕೆರೆಯನ್ನು ನೋಡಲಿಲ್ಲ. ನನ್ನನ್ನೇ ನೋಡಿದರು.

"ಅಲ್ಲ. ಪೈಪ್ ಹಾಕಿದ್ದು ನೀನಲ್ವಾ, ಅದಕ್ಕೆ."