ಏಳನೇ ನಂಬರಿನ ಬಟ್ಟಲು

ಓರ್ವಿಲ್ ಕ್ರೆನೆಕ್ಕನ ಕೋಪ ಆ ಶನಿವಾರ ಬೆಳಿಗ್ಗೆ ಆರೂವರೆಗೇ ಎದ್ದು ಕೂತಿತು. ಅದಕ್ಕೆ ಕಾರಣ ಒಂದು ಡಬ್ಬಿ. ಅಡುಗೆಮನೆಯ ಕಪಾಟಿನಲ್ಲಿ ಜೀರಿಗೆ ಹುಡುಕಲು ಕೈ ಹಾಕಿದವನಿಗೆ, ಓಟ್ಸ್ ಡಬ್ಬದ ಹಿಂದೆ ಬೆನ್ನು ತಿರುಗಿಸಿ ಅಡಗಿದ್ದ ಅದು ಸಿಕ್ಕಿತು. ಅಂಗಡಿಯಲ್ಲಿ ಮಾರುವ ಚಿಲಿ ಪುಡಿಯ ಡಬ್ಬಿ. ಅದೂ ಅರ್ಧ ಖಾಲಿ! ತುಂಬಿದ ಡಬ್ಬಿಯಾಗಿದ್ದರೆ ಯಾರೋ ಕೊಟ್ಟಿದ್ದು, ಮರೆತು ಇಟ್ಟದ್ದು ಎಂದು ಮನಸ್ಸಿಗೆ ಸಮಾಧಾನ ಹೇಳಬಹುದಿತ್ತು. ಅರ್ಧ ಖಾಲಿಯಾದ ಡಬ್ಬಿಗೆ ಯಾವ ಸಮಾಧಾನ ಹೇಳುವುದು? ಮದುವೆಯಾಗಿ ಮೂವತ್ತೊಂದು ವರ್ಷವಾದ ಮೇಲೆ ಹೆಂಡತಿಯ ಕಪಾಟಿನಲ್ಲಿ ಬೇರೆ ಗಂಡಸಿನ ಟೊಪ್ಪಿ ಸಿಕ್ಕಿದ್ದರೂ ಅವನು ಅಷ್ಟು ಕೆಂಪಗಾಗುತ್ತಿರಲಿಲ್ಲ.

ಟೆಕ್ಸಾಸಿನ ಪಶ್ಚಿಮದ ಬಯಲಲ್ಲಿರುವ ಹ್ಯಾಕ್‌ಬೆರಿ ಎಂಬ ಊರಿನಲ್ಲಿ ಚಿಲಿ ಎಂಬ ಅಡುಗೆ ಎಂದರೆ ದನದ ಮಾಂಸ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು. ಅಲ್ಲಿಗೆ ಮುಗಿಯಿತು. ಮೆಣಸಿನಕಾಯಿಯ ತೊಟ್ಟು ಮುರಿದು, ಬೀಜ ಉದುರಿಸಿ, ಕಾವಲಿಯ ಮೇಲೆ ಬಾಡಿಸಿ, ಬಿಸಿನೀರಿನಲ್ಲಿ ನೆನೆಸಿ, ರುಬ್ಬಬೇಕು. ಕಾಳು ಹಾಕುವವರು ಉತ್ತರದ ಕಡೆಯವರು, ಪುಡಿ ಹಾಕುವವರು ಸೋಮಾರಿಗಳು ಎಂದು ಓರ್ವಿಲ್ಲನ ಅಪ್ಪ ಹೇಳಿಕೊಟ್ಟಿದ್ದ. ಟೊಮೆಟೊ ಹಾಕುವವರನ್ನು ಏನೆಂದು ಬೈಯಬೇಕು ಎಂದು ಆ ಹಿರಿಯ ಸಾಯುವ ತನಕ ಯೋಚಿಸಿ, ತಕ್ಕ ಬೈಗುಳ ಸಿಗದೆ ಹಾಗೇ ಕಣ್ಣು ಮುಚ್ಚಿದ.

ಅಂದು ಊರಿನ ಚಿಲಿ ಸ್ಪರ್ಧೆ ಬೇರೆ. ಓರ್ವಿಲ್ ಊರವರ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುತ್ತಿದ್ದ, ಬುಧವಾರ ಬುಧವಾರ ಚರ್ಚಿನ ಮೇಳದಲ್ಲಿ ಹಾಡುತ್ತಿದ್ದ. ಎರಡಕ್ಕೂ ಈವರೆಗೆ ಯಾರೂ ಹೊಗಳಿದ್ದಿಲ್ಲ. (ಟ್ರ್ಯಾಕ್ಟರುಗಳು ಮತ್ತೆ ಕೆಡುತ್ತಿದ್ದವು, ಹಾಡು ಮೊದಲೇ ಕೆಟ್ಟಿತ್ತು.) ಹೊಗಳಿಕೆ ಎಂಬುದು ಅವನ ಪಾಲಿಗೆ ವರ್ಷಕ್ಕೊಮ್ಮೆ, ಚಿಲಿಯ ಪಾತ್ರೆಯಿಂದ ಬರುತ್ತಿತ್ತು. ಒಂಬತ್ತು ಸಲ ಮೊದಲ ಬಹುಮಾನ. ಆ ಪಾತ್ರೆಯೊಂದನ್ನು ಕಿತ್ತುಕೊಂಡರೆ ಓರ್ವಿಲ್ ಎಂಬ ಮನುಷ್ಯನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

"ವರ್ನೆಲ್! ಏನಿದು?"

ಒಲೆಯ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಹೆಂಡತಿ ತಲೆ ಎತ್ತಿದಳು. "ಡಬ್ಬಿ."

"ಡಬ್ಬಿ ಅಂತ ನನಗೂ ಕಾಣುತ್ತೆ. ಒಳಗೇನಿದೆ?"

"ಮೇಲೆ ಬರೆದಿದ್ದಾರಲ್ಲ. ಕನ್ನಡಕ ತಲೆ ಮೇಲಿದೆ, ಕೆಳಗಿಳಿಸಿ ಓದು."

"ನನ್ನ ಮನೇಲಿ ಪುಡಿ! ನಮ್ಮಪ್ಪ ಬದುಕಿದ್ದಿದ್ರೆ..."

"ಬದುಕಿದ್ದಿದ್ರೆ ಅವರಿಗೂ ಒಂದು ಬಟ್ಟಲು ಹಾಕಿಕೊಡ್ತಿದ್ದೆ. ಪುಡಿ ಏನು ಆಕಾಶದಿಂದ ಉದುರುತ್ತಾ? ಒಣಮೆಣಸಿನಕಾಯಿ ಕುಟ್ಟಿದ್ರೆ ಪುಡಿ. ಅಷ್ಟೇ."

"ಯಾವಾಗ ಕುಟ್ಟಿದ್ದು? ನಮ್ಮ ಮದುವೆಗೆ ಮುಂಚೆ ಕುಟ್ಟಿರಬೇಕು. ಮೂಸಿ ನೋಡು, ಇಟ್ಟಿಗೆ ಪುಡಿಗೂ ಇದಕ್ಕಿಂತ ವಾಸನೆ ಇರುತ್ತೆ!"

ಹೀಗೆನ್ನುತ್ತಲೇ ಓರ್ವಿಲ್ ಕಬ್ಬಿಣದ ಕಾವಲಿಯನ್ನು ಒಲೆಯ ಮೇಲಿಟ್ಟು, ಬಿಡಿಸಿಟ್ಟಿದ್ದ ಆಂಚೊ ಮೆಣಸಿನಕಾಯಿಗಳನ್ನು ಅದರ ಮೇಲೆ ಹರಡಿದ. ಕಾದ ಕಾವಲಿಯ ಮೇಲೆ ಆಂಚೊ ಇರಬೇಕಾದ್ದು ಹತ್ತು ಎಣಿಸುವಷ್ಟು ಹೊತ್ತು. ಹನ್ನೊಂದು ಎಣಿಸುವವನು ಅಡುಗೆಯವನಲ್ಲ ಎಂದು ಅವನೇ ಊರಿಗೆಲ್ಲ ಪಾಠ ಹೇಳುತ್ತಿದ್ದ.

"ಸರಿ, ಯಾತಕ್ಕೆ ಹಾಕ್ತೀಯ ಇದನ್ನ? ಅದನ್ನಾದ್ರೂ ಹೇಳು."

"ಬುಧವಾರ ನೀನು ಹಾಡೋಕೆ ಹೋಗ್ತೀಯಲ್ಲ, ಆಗ ನನಗೆ ಅಂತ ಒಂದು ಪುಟ್ಟ ಪಾತ್ರೇಲಿ ಚಿಲಿ ಮಾಡ್ಕೋತೀನಿ. ಒಂದೂವರೆ ಗಂಟೇಲಿ ಎಲ್ಲ ಮುಗಿಯುತ್ತೆ. ಮನೆ ತುಂಬ ಕೆಮ್ಮಿಲ್ಲ, ಸಿಂಕ್ ತುಂಬ ಬೀಜ ಇಲ್ಲ, ಯಾರ ಭಾಷಣಾನೂ ಇಲ್ಲ." ವರ್ನೆಲ್ ಒಂದು ಗುಟುಕು ಕಾಫಿ ಕುಡಿದಳು. "ಕಾಳೂ ಹಾಕ್ತೀನಿ."

ಓರ್ವಿಲ್ ಕಾವಲಿಗೆ ಬೆನ್ನು ತಿರುಗಿಸಿ ಮಾತು ಶುರುಮಾಡಿದ. ಅದು ಹತ್ತು ಎಣಿಸುವಷ್ಟರಲ್ಲಿ ನಿಲ್ಲುವ ಮಾತಾಗಿರಲಿಲ್ಲ. ಅವನ ಅಪ್ಪ, ಅಜ್ಜ, ಅಜ್ಜನ ದನಗಳು, ಟೆಕ್ಸಾಸಿನ ಮಾನ, ಮದುವೆಯ ದಿನ ಪಾದ್ರಿಯ ಎದುರು ಕೊಟ್ಟ ಮಾತು, ಎಲ್ಲವೂ ಅದರಲ್ಲಿ ಬಂದು ಹೋದವು. ಹೊರಗೆ ಉತ್ತರದ ಚಳಿಗಾಳಿ ಬೀಸುತ್ತಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಮೆಣಸಿನಕಾಯಿಯ ಘಾಟು ಮನೆಯನ್ನೆಲ್ಲ ತುಂಬಿತು. ನಾಯಿ ಕೆಮ್ಮುತ್ತ ಬಾಗಿಲು ಕೆರೆಯಿತು. ಗಂಡ ಹೆಂಡತಿಯೂ ಕೆಮ್ಮಿದರು, ಆದರೆ ಜಗಳ ನಿಲ್ಲಿಸಲಿಲ್ಲ.

"ಸುಡ್ತಾ ಇದೆ, ಓರ್ವಿಲ್."

"ನನಗೆ ಹೇಳಿಕೊಡಬೇಡ!"

"ಕರಕಲಾಗ್ತಿದೆ ಅಂದೆ."

"ಡಬ್ಬಿಯವಳು ಕಾವಲಿ ಬಗ್ಗೆ ಮಾತಾಡಬೇಡ!"

ಆಂಚೊ ಹುಟ್ಟಾ ಕಪ್ಪು. ಸುಟ್ಟ ಕಪ್ಪು ಯಾವುದು, ಹುಟ್ಟು ಕಪ್ಪು ಯಾವುದು ಎಂದು ತಿಳಿಯಬೇಕಾದರೆ ಕಣ್ಣು ನೆಟ್ಟಗಿರಬೇಕು. ಓರ್ವಿಲ್ಲನ ಕಣ್ಣಲ್ಲಿ ಘಾಟಿನ ನೀರು, ಕೋಪದ ನೀರು ಎರಡೂ ಸುರಿಯುತ್ತಿದ್ದವು. ಅವನು ಕಾವಲಿಯನ್ನು ಎತ್ತಿ ಮೆಣಸಿನಕಾಯಿಯನ್ನೆಲ್ಲ ಬಿಸಿನೀರಿನ ಪಾತ್ರೆಗೆ ಸುರಿದು ಮುಚ್ಚಳ ಮುಚ್ಚಿದ. ಕಾಲು ಗಂಟೆ ಕಳೆದು ಮುಚ್ಚಳ ತೆಗೆದಾಗ, ವರ್ನೆಲ್ ಅಭ್ಯಾಸಬಲದಿಂದ ಒಂದು ಚಮಚ ಹಿಡಿದು ಪಾತ್ರೆಯ ಹತ್ತಿರ ಬಂದಳು.

"ಆ ನೀರು..."

"ಕೈ ತೆಗಿ! ಪುಡಿ ಮುಟ್ಟಿದ ಕೈಲಿ ನನ್ನ ಪಾತ್ರೆ ಮುಟ್ಟಬೇಡ. ಹೊರಗೆ ನಡಿ ಅಡುಗೆಮನೆಯಿಂದ!"

ವರ್ನೆಲ್ ಚಮಚವನ್ನು ಮೇಜಿನ ಮೇಲಿಟ್ಟಳು. "ಓರ್ವಿಲ್ ಯುಜೀನ್ ಕ್ರೆನೆಕ್," ಎಂದಳು.

ಆ ಸೀಮೆಯಲ್ಲಿ ಹೆಂಡತಿ ಗಂಡನನ್ನು ಪೂರ್ತಿ ಹೆಸರು ಹಿಡಿದು ಕರೆದಳೆಂದರೆ ಬುದ್ಧಿವಂತರಾದ ಗಂಡಸರು ಕೊಟ್ಟಿಗೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾರೆ. ಓರ್ವಿಲ್ ಅಲ್ಲೇ ನಿಂತ.

"ಇವತ್ತು ನಾನೂ ಸ್ಪರ್ಧೆಗೆ ಹೆಸರು ಕೊಡ್ತೀನಿ. ನನ್ನ ಪಾತ್ರೆ, ನನ್ನ ಡಬ್ಬಿ. ಹೆದರಬೇಡ, ಕಾಳು ಹಾಕಲ್ಲ. ಅಲ್ಲಿ ಹಾಕೋ ಹಾಗಿಲ್ಲವಲ್ಲ." ಫ್ರಿಜ್ಜಿನಲ್ಲಿದ್ದ ಮಾಂಸದಲ್ಲಿ ಸರಿಯಾಗಿ ಅರ್ಧ ಎತ್ತಿಕೊಂಡು ಅವಳು ಹೊರಟೇಬಿಟ್ಟಳು. ಓರ್ವಿಲ್ ಹಲ್ಲು ಕಡಿಯುತ್ತ ಮೆಣಸಿನಕಾಯಿಯನ್ನು ರುಬ್ಬಿ, ನೆನೆಸಿದ ನೀರನ್ನು ಒಂದು ತೊಟ್ಟೂ ಬಿಡದೆ ಜಾಡಿಗೆ ತುಂಬಿಕೊಂಡ.

ಊರವರೇ ಸೇರಿ ನಡೆಸುವ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ, ಕೆಂಪು ಲಾರಿಯನ್ನು ಹೊರಗೆ ನಿಲ್ಲಿಸಿ, ಹನ್ನೊಂದು ಒಲೆ ಹಚ್ಚಿದ್ದರು. ಗಂಡ ಹೆಂಡತಿಯ ಒಲೆಗಳು ಅಕ್ಕಪಕ್ಕ ಬಂದವು. (ಯಾರು ಹಾಗಿಟ್ಟರೋ, ಅವರ ಹೊಟ್ಟೆ ತಣ್ಣಗಿರಲಿ!) ಓರ್ವಿಲ್ ಮೂರು ಗಂಟೆ ಹೊತ್ತು ಹೆಂಡತಿಗೆ ಬೆನ್ನು ಹಾಕಿಕೊಂಡೇ ಮಾಂಸ ಬೇಯಿಸಿದ, ರುಬ್ಬಿದ್ದು ಹಾಕಿದ, ಜಾಡಿಯ ನೀರು ಸುರಿದ. ರುಚಿ ಮಾತ್ರ ನೋಡಲಿಲ್ಲ. ರುಚಿ ನೋಡುವುದು ಅವನ ಮನೆತನದಲ್ಲೇ ಇರಲಿಲ್ಲ. ತನ್ನ ಕೈಯ ಮೇಲೆ ನಂಬಿಕೆಯಿಲ್ಲದವನು ಚಮಚ ನೆಕ್ಕುತ್ತಾನೆ ಎನ್ನುವುದು ಅಪ್ಪನ ಇನ್ನೊಂದು ಪಾಠ. ಇಷ್ಟು ವರ್ಷ "ಹೇಗಿದೆ?" ಎಂದು ವರ್ನೆಲ್ಲಳನ್ನು ಕೇಳುತ್ತಿದ್ದ, ಅವಳು "ಚೆನ್ನಾಗಿದೆ" ಎನ್ನುತ್ತಿದ್ದಳು. ಇಂದು ಕೇಳುವ ಪ್ರಶ್ನೆಯೇ ಇರಲಿಲ್ಲ.

ಅವನಿಗೆ ಮೆಣಸಿನಕಾಯಿ ಮಾರುವ ಅಂಗಡಿಯ ಎಫ್ರೇನ್ ಟ್ರೆವಿನ್ಯೊ, ಎರಡು ವರ್ಷದಿಂದ ಅವನನ್ನು ಸೋಲಿಸುತ್ತಿದ್ದವನು, ಮೂಗು ಅರಳಿಸುತ್ತ ಬಂದ. "ಏನೋ ಸೀದ ವಾಸನೆ ಬರ್ತಿದೆಯಲ್ಲ, ಓರ್ವಿಲ್?"

ಓರ್ವಿಲ್ ಗಲ್ಲದಿಂದ ಹೆಂಡತಿಯ ಪಾತ್ರೆಯತ್ತ ತೋರಿಸಿದ.

ಹನ್ನೆರಡಕ್ಕೆ ಮಿಸ್ ಯೂಲಾ ಕುರ್ಚಿಯಿಂದ ಎದ್ದರು. ಎಂಬತ್ತೊಂದು ವರ್ಷದ ಹಿರಿಯರು. ಆ ಸ್ಪರ್ಧೆ ಹುಟ್ಟಿದಾಗಿನಿಂದ ಅದರ ಯಜಮಾನಿಕೆ ಅವರದೇ. "ಪಕ್ಕದೂರಿನ ತೀರ್ಪುಗಾರರು ಬರ್ತಿಲ್ಲ. ಸೇತುವೆ ಮೇಲೆ ಹಿಮ ಕಟ್ಟಿದೆಯಂತೆ. ನೀವು ನೀವೇ ಎಲ್ಲ ಬಟ್ಟಲನ್ನೂ ತಿಂದು ಅಂಕ ಕೊಡಿ. ಬಟ್ಟಲ ಮೇಲೆ ನಂಬರು, ತಳದಲ್ಲಿ ಹೆಸರಿನ ಚೀಟಿ ಅಂಟಿಸಿದ್ದೇನೆ. ತಿರುಗಿಸಿ ನೋಡಿದವರ ಕೈ ಮೇಲೆ ಬೀಳುತ್ತೆ. ಒಂದರಿಂದ ಹತ್ತು ಅಂಕ."

ಓರ್ವಿಲ್ ಒಂದೊಂದೇ ಬಟ್ಟಲು ತಿಂದ. ನಾಲ್ಕನೆಯದು ಬಾಯಿಗೆ ಬಿದ್ದಾಗ ಅವನ ಕಣ್ಣು ತಾನಾಗಿ ಮುಚ್ಚಿತು. ಖಾರ ಮೆಲ್ಲಗೆ ಏರಿ, ಗಂಟಲಲ್ಲಿ ಬೆಚ್ಚಗೆ ಕೂತಿತು. ಇದು ನನ್ನದೇ, ನನ್ನದಲ್ಲದೆ ಇನ್ಯಾರದು, ಎಂದುಕೊಂಡು ಹತ್ತು ಬರೆದ. ಸಾಲದೆಂದು ಕೆಳಗೆ ಒಂದು ಗೀಟು ಹಾಕಿದ.

ಏಳನೆಯದು ನಾಲಿಗೆಗೆ ತಾಗಿದ್ದೇ ತಡ, ಅವನ ಮುಖ ಇಂಗು ತಿಂದ ಮಂಗನಂತಾಯಿತು. ಕಹಿ ಎಂದರೆ ಕಹಿ. ಮರುಕ್ಷಣವೇ ಆ ಮುಖದ ಮೇಲೆ ಬೆಳಗಿನಿಂದ ಕಾದಿದ್ದ ಸಂತೋಷ ಹರಡಿತು. ಸಿಕ್ಕಿಬಿದ್ದಳು!

"ಸೊನ್ನೆ!" ಎಂದು ಶೆಡ್ಡಿಗೆಲ್ಲ ಕೇಳುವಂತೆ ಕೂಗಿದ.

"ಸೊನ್ನೆ ಇಲ್ಲಪ್ಪ. ಒಂದರಿಂದ ಶುರು," ಎಂದರು ಮಿಸ್ ಯೂಲಾ.

"ಹಾಗಾದ್ರೆ ಒಂದು ಬರೀತೀನಿ. ಸಣ್ಣ ಒಂದು. ಕೇಳಿ ಎಲ್ಲರೂ! ಇದು ಚಿಲಿ ಅಲ್ಲ, ದನದ ಮಾಂಸಕ್ಕೆ ಮಾಡಿದ ಅವಮಾನ. ಹಳೇ ಡಬ್ಬಿಯ ಹಳಸಿದ ಪುಡಿ! ಇದನ್ನ ಮಾಡಿದವರು ಯಾರೇ ಆಗಲಿ, ನನಗೆಷ್ಟೇ ಹತ್ತಿರದವರಾಗಲಿ, ಈ ಊರಲ್ಲಿ ಇನ್ನು ಮುಂದೆ ಸೌಟು ಹಿಡೀಬಾರದು!"

ಏಳನೆಯದನ್ನು ಆಗಷ್ಟೇ ತಿಂದಿದ್ದ ವರ್ನೆಲ್ ಅವನ ತೋಳು ಎಳೆದಳು. "ಓರ್ವಿಲ್, ಬಾಯಿ ಮುಚ್ಚಿ ಕೂತ್ಕೋ. ನನ್ನ ಮಾತು ಕೇಳು."

"ಈಗ ಹೆದರಿಕೆ ಆಯ್ತಾ? ಮಿಸ್ ಯೂಲಾ, ಚೀಟಿ ಓದಿ. ಈಗಲೇ ಓದಿ!"

ಮಿಸ್ ಯೂಲಾ ಎಲ್ಲರ ಅಂಕ ಕೂಡಿಸುವ ತನಕ ಚೀಟಿ ಮುಟ್ಟಲಿಲ್ಲ. ಆಮೇಲೆ ನಾಲ್ಕನೇ ಬಟ್ಟಲನ್ನು ತಿರುಗಿಸಿದರು. "ಮೊದಲ ಬಹುಮಾನ, ವರ್ನೆಲ್ ಕ್ರೆನೆಕ್." ಚಪ್ಪಾಳೆಯ ನಡುವೆ ಓರ್ವಿಲ್ಲನ ಕೈಗಳು ಅರ್ಧದಲ್ಲೇ ನಿಂತವು. ಅವರು ಏಳನೆಯದನ್ನು ತಿರುಗಿಸಿದರು, ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಓರ್ವಿಲ್ ಕ್ರೆನೆಕ್."

ಓರ್ವಿಲ್ ಹೆಂಡತಿಯತ್ತ ಬಾಗಿ ಬುಸುಗುಟ್ಟಿದ. "ಏನು ಮಾಡಿದೆ ನನ್ನ ಪಾತ್ರೆಗೆ? ಇಷ್ಟು ವರ್ಷ ಒಂದು ಸಲಾನೂ ಕಹಿ ಆಗಿರಲಿಲ್ಲ!"

"ಇಷ್ಟು ವರ್ಷ ನೆನೆಸಿದ ನೀರನ್ನ ನಾನು ರುಚಿ ನೋಡ್ತಿದ್ದೆ. ಕಹಿ ಇದ್ರೆ ಚೆಲ್ಲಿ, ಸೀದಿದ್ದನ್ನ ಆರಿಸಿ ಬಿಸಾಕಿ, ಬೇರೆ ನೀರು ಹಾಕಿಡ್ತಿದ್ದೆ. ವರ್ಷ ವರ್ಷವೂ ಸುಡ್ತೀಯ ನೀನು, ಮಾತು ನಿಲ್ಲಿಸೋದೇ ಇಲ್ಲವಲ್ಲ."

"ನನಗೆ ಹೇಳಬೇಕಿತ್ತು!"

"ಬೆಳಿಗ್ಗೆ ಹೇಳೋಕೆ ಬಂದೆ. ಹೊರಗೆ ನಡಿ ಅಂದೆ ನೀನು." ವರ್ನೆಲ್ಲಳ ದನಿ ಸಣ್ಣದಾಗಿತ್ತು, ಆದರೆ ಅದರಲ್ಲಿ ಮೂವತ್ತೊಂದು ವರ್ಷದ ಸಿಟ್ಟಿತ್ತು. "ಒಂಬತ್ತು ಸಲ ಗೆದ್ದೆಯಲ್ಲ, ಒಂದು ಸಲವಾದ್ರೂ ನನ್ನ ಹೆಸರು ಹೇಳಿದೆಯಾ?"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಓರ್ವಿಲ್ ತಲೆ ತಗ್ಗಿಸಿದ. ಅಷ್ಟರಲ್ಲಿ ಎಫ್ರೇನ್ ಅವನ ಅಂಕಪಟ್ಟಿಯನ್ನು ಎತ್ತಿ ಹಿಡಿದು ಬೆರಗಾಗಿ ಕೇಳಿದ. "ಅಲ್ಲಯ್ಯಾ, ನಿನ್ನ ಚಿಲಿಗೆ ನೀನೇ ಒಂದು ಕೊಟ್ಯಾ? ಹೆಂಡತಿಗೆ ಹತ್ತು? ಕೆಳಗೆ ಗೀಟು ಬೇರೆ!"

ಎಲ್ಲರ ಕಣ್ಣೂ ಓರ್ವಿಲ್ಲನ ಮೇಲೆ ಬಿತ್ತು. ಅವನಿಗೆ ಅತ್ತ ದರಿ, ಇತ್ತ ಪುಲಿ. "ನನ್ನದು ಅಂತ ಗೊತ್ತಿರಲಿಲ್ಲ, ಅದು ಹೆಂಡತಿಯದು ಅಂದುಕೊಂಡು ಮರ್ಯಾದೆ ತೆಗೆಯೋಕೆ ಹೊರಟಿದ್ದೆ" ಎಂದು ಊರೆದುರು ಹೇಳುವುದು ಹೇಗೆ? ಹೇಳಿದರೆ ಅವನು ರಾತ್ರಿಯ ಊಟ ಎಲ್ಲಿ ಮಾಡುವುದು? ಅವನು ದೊಡ್ಡ ಮನಸ್ಸಿನವನಂತೆ ಕೆಮ್ಮಿದ. "ನ್ಯಾಯ ಅಂದ್ರೆ ನ್ಯಾಯ," ಎಂದ.

ಮಿಸ್ ಯೂಲಾ ಕೋಲೂರಿಕೊಂಡು ಬಂದು ಅವನ ಕೈ ಹಿಡಿದರು. ಅವರ ತುಟಿಯ ತುದಿಯಲ್ಲಿ ಏನೋ ಅಲುಗುತ್ತಿತ್ತು. "ಇಪ್ಪತ್ತೆಂಟು ವರ್ಷದಿಂದ ಇದನ್ನ ನಡೆಸ್ತಿದ್ದೇನೆ. ತನ್ನ ಪಾತ್ರೆಗೆ ತಾನೇ ಒಂದು ಕೊಟ್ಟು, ತನಗೇ ಸೌಟು ಬೇಡ ಅಂತ ತೀರ್ಪು ಹೇಳಿದ ಗಂಡಸನ್ನ ನೋಡೇ ಇರಲಿಲ್ಲ. ಪಕ್ಕದೂರಿನವರು ಬರೀ ತಿನ್ನೋಕೆ ಬರ್ತಾರೆ, ಅವರು ಇನ್ನು ಬೇಡ. ಮುಂದಿನ ವರ್ಷದಿಂದ ಓರ್ವಿಲ್ಲೇ ನಮ್ಮ ತೀರ್ಪುಗಾರ. ಕೈಕಾಲು ಗಟ್ಟಿ ಇರೋ ತನಕ!"

"ಆದರೆ, ಮಿಸ್ ಯೂಲಾ," ಎಂದ ಓರ್ವಿಲ್, "ತೀರ್ಪುಗಾರರು ಅಡುಗೆ..."

"ಮಾಡೋ ಹಾಗಿಲ್ಲ. ನೀನೇ ಹೇಳಿದೆಯಲ್ಲ, ಸೌಟು ಹಿಡೀಬಾರದು ಅಂತ. ಏನು, ನಿನ್ನ ಮಾತಿಗೆ ನೀನೇ ತಪ್ತೀಯಾ?"

ಎದುರಿಗೆ ಇಡೀ ಊರು ನಿಂತಿತ್ತು, ಪಕ್ಕದಲ್ಲಿ ಹೆಂಡತಿ. ಓರ್ವಿಲ್ ಇಲ್ಲವೆಂದು ತಲೆಯಲ್ಲಾಡಿಸಿದ.

"ಒಂದು ಸಣ್ಣ ಅನುಮಾನ, ಮಿಸ್ ಯೂಲಾ," ಎಂದಳು ವರ್ನೆಲ್, ಬಹುಮಾನದ ಫಲಕವನ್ನು ಎದೆಗೊತ್ತಿಕೊಂಡು. "ಈ ನಿಯಮ ಇಲ್ಲಿಗೆ ಮಾತ್ರಾನೋ, ಮನೇಲೂ ಉಂಟೋ?"

"ನಿಯಮಕ್ಕೆ ಮನೆ ಯಾವುದು, ಶೆಡ್ಡು ಯಾವುದು, ಮಗಳೇ? ತೀರ್ಪುಗಾರ ಎಲ್ಲಿದ್ದರೂ ತೀರ್ಪುಗಾರನೇ."

ಶೆಡ್ಡು ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಮಾನ್ಯ ತೀರ್ಪುಗಾರರು ಸುತ್ತ ನೋಡಿದರು, ಬೇರೆ ದಾರಿ ಕಾಣದೆ, ತಾವೂ ತಟ್ಟಿದರು.