ಕಾಲುಂಗುರ ಬಿಡಿಸಿದ ದಿನ

ಬಸುರಿಯ ಕಾಲು ಊದಿದರೆ ಊರಿಗೆಲ್ಲ ಅದರ ಮೇಲೆ ಹಕ್ಕು ಬಂದುಬಿಡುತ್ತದೆ. ಬಸವನಗುಡಿಯಲ್ಲಂತೂ ಸೊಪ್ಪಿನವಳಿಂದ ಹಿಡಿದು ದೇವಸ್ಥಾನದಲ್ಲಿ ಚಪ್ಪಲಿ ಕಾಯುವವರವರೆಗೆ ಎಲ್ಲರೂ ಮೊದಲು ನನ್ನ ಪಾದ ನೋಡಿ, ಆಮೇಲೆ ಮುಖ ನೋಡುತ್ತಿದ್ದರು. ನನಗೆ ಮಾತ್ರ ಭಯ. ಹಿಂದಿನ ಸಲ ಐದನೇ ತಿಂಗಳಲ್ಲಿ ಮಗುವನ್ನು ಕಳೆದುಕೊಂಡಿದ್ದೆ. ಈ ಸಲ ಮೈಯಲ್ಲಿ ಏನು ಬದಲಾದರೂ ಎದೆ ಧಸಕ್ಕೆನ್ನುತ್ತಿತ್ತು. ನಕ್ಕಿದ್ದೆಲ್ಲ ಆ ಭಯದ ನಡುವೆಯೇ.

ಚಪ್ಪಲಿ

ಆರು ತಿಂಗಳು ದಾಟಿದ ಮೇಲೆ ಸಂಜೆ ಹೊತ್ತಿಗೆ ಪಾದ ಬನ್ನಿನ ಹಾಗೆ ಉಬ್ಬತೊಡಗಿತು. ಡಾಕ್ಟರಮ್ಮ ಬಿ.ಪಿ. ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, "ಸದ್ಯಕ್ಕೆ ಭಯ ಇಲ್ಲ. ಕಾಲು ಇಳಿಬಿಟ್ಟು ಕೂರ್ಬೇಡಿ, ಎಡಮಗ್ಗುಲಿಗೆ ಮಲಗಿ. ಆದ್ರೆ ಮುಖ, ಕೈ ಇದ್ದಕ್ಕಿದ್ದ ಹಾಗೆ ಊದಿದ್ರೆ, ಜೋರು ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ ಕಾಯ್ಬೇಡಿ, ಬಂದ್ಬಿಡಿ" ಎಂದರು. ಅವತ್ತಿನಿಂದ ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದೆ.

ನನ್ನ ಚಪ್ಪಲಿ ಯಾವುದೂ ಕಾಲಿಗೆ ಆಗದೆ ಯಜಮಾನರ ಹವಾಯಿ ಹಾಕಿಕೊಂಡೇ ಓಡಾಡುತ್ತಿದ್ದೆ. ಕೊನೆಗೆ ಗಾಂಧಿ ಬಜಾರಿನ ಅಂಗಡಿಗೆ ಹೋದೆವು. ಅಂಗಡಿಯವರು, "ಸಂಜೆ ಬಂದಿದ್ದು ಒಳ್ಳೇದಾಯ್ತು, ಬೆಳಗ್ಗೆ ಅಳತೆ ತಗೊಂಡ್ರೆ ಸಂಜೆಗೆ ಆಗಲ್ಲ" ಎಂದು ಎರಡು ಸೈಜು ದೊಡ್ಡದನ್ನು ಕೊಟ್ಟರು. ಮೇಲೆ ಕೆಂಪು ಹೂವು.

"ಹೆರಿಗೆ ಆದ್ಮೇಲೆ ಇದನ್ನೇನ್ಮಾಡೋದು?" ಎಂದೆ.

ಅವರು ನನ್ನ ಕಾಲಲ್ಲಿದ್ದ ಹವಾಯಿ ನೋಡಿದರು, ಪಕ್ಕದಲ್ಲಿ ನಿಂತಿದ್ದ ನಮ್ಮವರನ್ನು ನೋಡಿದರು. "ಸಾರ್‌ದು ನೀವು ಹಾಕ್ಕೊಂಡಿಲ್ವಾ? ಹಾಗೇ, ಆಮೇಲೆ ಇದು ಸಾರ್‌ಗೆ."

ಮೂವತ್ತು ಜೊತೆ ಕಾಲು

ಶಂಕರಪುರಂನ ಒಂದು ಶಾಲೆಯಲ್ಲಿ ನಾನು ಐದನೇ ಕ್ಲಾಸಿನ ಟೀಚರ್. ಬೆಂಚಿನ ಮೇಲೆ ಕಾಲಿಟ್ಟರೆ ಹೊರಗೆ ನಿಲ್ಲಿಸುವುದು ನನ್ನದೇ ಕಾನೂನು. ಆದರೆ ಡಾಕ್ಟರು ಹೇಳಿದ ಮೇಲೆ ನಾನೇ ಸ್ಟೂಲಿನ ಮೇಲೆ ಕಾಲಿಟ್ಟು ಪಾಠ ಮಾಡಬೇಕಾಯಿತು. ಮಕ್ಕಳು ಕೇಳಿದಾಗ, "ಕಾಲಲ್ಲಿ ನೀರು ತುಂಬ್ಕೊಂಡಿದೆ, ಮೇಲಿಟ್ರೆ ಇಳಿಯತ್ತೆ" ಎಂದೆ.

ಮರುದಿನ ಒಳಗೆ ಹೋದರೆ ಇಡೀ ಕ್ಲಾಸಿನ ಕಾಲು ಮೇಲಿತ್ತು. "ಏನ್ರೋ ಇದು?" ಎಂದು ಗದರಿದೆ. ಮುಂದಿನ ಬೆಂಚಿನವಳು ಗಂಭೀರವಾಗಿ, "ನಾವೂ ಬಾಟಲ್ ಪೂರ್ತಿ ನೀರು ಕುಡಿದಿದೀವಿ ಮಿಸ್" ಎಂದಳು.

ಹೆಬ್ಬೆರಳಿನ ಪರೀಕ್ಷೆ

ಸೀಮಂತದ ದಿನ ಹಸಿರು ಬಳೆ ತೊಡಿಸಿ ಮಣೆಯ ಮೇಲೆ ಕೂರಿಸಿದರು. ಅರಿಶಿನ ಹಚ್ಚಲು ಬಗ್ಗಿದ ಪ್ರತಿಯೊಬ್ಬರೂ ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿ, ಗುಳಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕಾದು ನೋಡಿದರು. ಒಬ್ಬರು ಉಪ್ಪು ಬಿಡು ಎಂದರು, ಇನ್ನೊಬ್ಬರು ನೀರೇ ಬಿಡು ಎಂದರು. ನೀರು ಬಿಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಾನು ಎಲ್ಲದಕ್ಕೂ ತಲೆಯಾಡಿಸಿ ಪಾನಕ ಕುಡಿದೆ. ಆರತಿ ಮುಗಿಯುವ ಹೊತ್ತಿಗೆ ನನ್ನ ಪಾದದ ಮೇಲೆ ಹಳದಿ ಗುಳಿಗಳು ಸಾಲಾಗಿದ್ದವು. ನಮ್ಮತ್ತೆ ಒಬ್ಬರೇ ಒತ್ತಿ ನೋಡಲಿಲ್ಲ. ಕಾಲುಂಗುರವನ್ನೇ ನೋಡುತ್ತ ಕೂತಿದ್ದರು.

ಕಾಲುಂಗುರ

ಎಂಟನೇ ತಿಂಗಳಲ್ಲಿ ಕಾಲುಂಗುರದ ಬೆರಳುಗಳು ನೀಲಿಯಾದವು. "ಇವತ್ತೇ ತೆಗೆಸಿ, ಬೆರಳಿಗೆ ರಕ್ತ ಹೋಗ್ತಿಲ್ಲ" ಎಂದರು ಡಾಕ್ಟರಮ್ಮ. ಸೋಪು, ಕೊಬ್ಬರಿ ಎಣ್ಣೆ, ದಾರ ಯಾವುದಕ್ಕೂ ಅವು ಜಗ್ಗಲಿಲ್ಲ. ಕತ್ತರಿಸಬೇಕು ಎಂದಾಗ ಅತ್ತೆ ಬಿಕ್ಕಿ ಬಿಕ್ಕಿ ಅತ್ತರು.

"ಹೋದ್ಸಲ ಪಾಲಿಶ್‌ಗೆ ಅಂತ ನಾನೇ ತೆಗೆಸಿದ್ದೆ ಕಣೇ. ವಾರಕ್ಕೆ ಹಾಗಾಯ್ತು. ಯಾರ ಹತ್ರಾನೂ ಹೇಳಿಲ್ಲ."

ಎರಡು ವರ್ಷ ಆ ತಪ್ಪನ್ನು ಒಬ್ಬರೇ ಹೊತ್ತಿದ್ದರು. ಅವರ ಕೈ ಹಿಡಿದುಕೊಂಡೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅತ್ತೆ" ಎಂದೆ. ಅವರು ನಂಬಿದರೋ ಇಲ್ಲವೋ, ಆಟೋ ಕರೆದರು.

ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯ ಬೆಳ್ಳಿ ಕೆಲಸದವರು ನನ್ನ ಕಾಲು ನೋಡಿ ಅತ್ತೆಯ ಕಡೆ ತಿರುಗಿದರು. "ಮುತ್ತೈದೆ ಕಾಲುಂಗುರ. ಮನೆ ದೊಡ್ಡೋರು ಬಾಯ್ಬಿಟ್ಟು ಹೇಳ್ದೆ ನಾನು ಮುಟ್ಟಲ್ಲ ತಾಯಿ. ಕತ್ತರ್ಸು ಅನ್ಬೇಡಿ, ಬಿಡ್ಸು ಅನ್ನಿ."

ಅತ್ತೆ ಮೊದಲು ಮಗನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದರು. ನಮ್ಮವರು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವರು.

"ಫೋನ್ ಇಡ್ಬೇಡ. ಕೇಳಿದಾಗೆಲ್ಲ ಮಾತಾಡು." ಆಮೇಲೆ ಕಣ್ಣು ಮುಚ್ಚಿ, "ಬಿಡ್ಸಿ" ಎಂದರು.

ಬೆರಳಿಗೂ ಬೆಳ್ಳಿಗೂ ನಡುವೆ ತೆಳು ತಗಡು ತೂರಿಸಿ ಬೆಳ್ಳಿಯವರು ಇಕ್ಕಳ ಒತ್ತಿದರು. ಟಕ್ ಎಂದಿತು.

"ಇದೀಯೇನೋ?"

"ಇದೀನಮ್ಮ."

ಇನ್ನೊಂದು ಕಾಲು. ಟಕ್.

"ಈಗ?"

ಉತ್ತರವಿಲ್ಲ. ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಮತ್ತೆ ಕೂಗಿದರು. ಅಷ್ಟರಲ್ಲಿ ಫೋನಿನಿಂದ ಯಾರೋ ಹಿರಿಯರ ಸಿಟ್ಟಿನ ದನಿ: "ಇದಾರೆ ತಾಯಿ, ಗುಂಡ್ಕಲ್ ಹಾಗಿದಾರೆ! ಗೋಂದು ತರೋಕೆ ಎದ್ದೋದ್ರು. ನನ್ನ ಸ್ಪೀಡ್ ಪೋಸ್ಟೇ ಇಲ್ಲಿ ಅರ್ಧ ಗಂಟೆಯಿಂದ ಕೂತಿದೆ!"

ಬೆಳ್ಳಿಯವರು ಇಕ್ಕಳ ಕೆಳಗಿಟ್ಟು ನಕ್ಕರು. ಅತ್ತೆ ನಗುತ್ತಲೇ ಅತ್ತರು. ಆಮೇಲೆ ಎರಡೂ ಬೆರಳಿಗೆ ಅರಿಶಿನದ ದಾರ ಸುತ್ತಿದರು, ಸಡಿಲವಾಗಿ.

ಮಗಳು ಹತ್ತು ದಿನ ಮುಂಚೆಯೇ ಬಂದಳು. ನಮ್ಮವರು ರಜೆ ಚೀಟಿ ಕೊಡಲು ಕಚೇರಿಗೆ ಹೋಗಿದ್ದರು. ಅತ್ತೆ ಆಸ್ಪತ್ರೆಯಿಂದ ಫೋನು ಮಾಡಿದರೆ, ಈ ಸಲ ಮೊದಲು ಕೇಳಿದ್ದು ನಮ್ಮವರೇ.

"ಅಮ್ಮಾ, ಇದೀರಾ?"

"ಇದೀವಿ ಕಣೋ, ಮೂರು ಜನಾನೂ ಇದೀವಿ" ಎಂದರು ಅತ್ತೆ. ಮಗುವಿನ ಪಾದದ ಮೇಲೆ ಆಗಲೇ ಅವರ ಹೆಬ್ಬೆರಳಿತ್ತು. "ಒತ್ತಿ ನೋಡ್ದೆ. ಗುಳಿ ಬೀಳಲ್ಲ."