ಶೇಂಗಾ ಕಾಳು ಮತ್ತು ನಾದಿನಿಯ ಎಂ.ಎ.

ನಮ್ಮ ಮನೆಯಲ್ಲಿ ಒಲೆ ಹೊತ್ತಿಸಿದಷ್ಟೇ ಸುಲಭವಾಗಿ ಏನಾದರೊಂದು ಫಜೀತಿ ಹೊತ್ತಿಕೊಳ್ಳುತ್ತದೆ. ನನ್ನ ನಾದಿನಿ ಯೂನಿವರ್ಸಿಟಿ ಸೇರಿದ ಮೇಲಂತೂ ಒಲೆ ಆರಿದ್ದೇ ಇಲ್ಲ.

ನಾನು ಓದಿದ್ದು ಹತ್ತನೇ ತರಗತಿ. ಪಾಸಾದ ಖುಷಿಗೆ ತಂದ ಪೇಡಾ ಡಬ್ಬಿ ಖಾಲಿಯಾಗುವ ಮೊದಲೇ ಅಪ್ಪ ವರ ಹುಡುಕಲು ಶುರು ಮಾಡಿದ್ದ. ಹಾಗಾಗಿ ನಾದಿನಿ ಎಂ.ಎ. ಸೇರಿದಾಗ ಅವಳಿಗಿಂತ ನನಗೇ ಹೆಚ್ಚು ಸಂಭ್ರಮ. ಒಂದು ವರ್ಷ ಮುಗಿಸಿ ಬೇಸಿಗೆ ರಜೆಗೆ ಬಂದಳು. ಬಂದ ದಿನವೇ ಅತ್ತೆ ಹೇಳಿದರು: "ಸಾಕವ್ವ ಓದಿದ್ದು. ಈ ಬ್ಯಾಸಿಗ್ಯಾಗ ಚಲೋ ಹುಡುಗ ಸಿಕ್ರ ಮುಗಿಸೇಬಿಡ್ತೀವಿ." ಇನ್ನೊಂದು ವರ್ಷ ಬಾಕಿ ಇತ್ತು. ವಾಪಸ್ ಹೋಗುತ್ತಾಳೋ, ಬಾಸಿಂಗ ಕಟ್ಟಿಕೊಳ್ಳುತ್ತಾಳೋ ಎನ್ನುವುದು ಆ ರಜೆಯಲ್ಲಿ ತೀರ್ಮಾನ ಆಗಬೇಕಿತ್ತು.

ಅದೇನು ಓದು?

ಅವಳು ಓದುವ ವಿಷಯದ ಹೆಸರು 'ಜೆಂಡರ್ ಮತ್ತು ಅಂತರರಾಷ್ಟ್ರೀಯ ಅಭಿವೃದ್ಧಿ'. ನಮ್ಮ ಮಾವನಿಗೆ ಅದನ್ನು ಒಂದೇ ಉಸಿರಿನಲ್ಲಿ ಹೇಳಲು ಆಗುತ್ತಿರಲಿಲ್ಲ. ಕೊಟ್ಟೂರಿನ ಬಸ್ಸು ನಿಲ್ಲುವಲ್ಲಿ ಒಂದು ಚಹಾದಂಗಡಿ ಇದೆ. ಅಂಗಡಿಯವನು ದಿನಾ ಕೇಳುತ್ತಿದ್ದ, "ಯಜಮಾನ್ರ, ಮಗಳು ಏನು ಓದಾಕತ್ಯಾಳ?" ಮಾವ ಚಹಾ ಬಿಸಿ ಇದೆ ಎಂಬ ನೆಪದಲ್ಲಿ ಊದುತ್ತಾ ಕೂರುತ್ತಿದ್ದರು.

ಒಂದು ದಿನ ನಾದಿನಿಯೇ ಜೊತೆಗಿದ್ದಳು. ಸಮಾಧಾನದಿಂದ ವಿವರಿಸಿದಳು: "ಕಾಕಾ, ಹೆಣ್ಣು ಗಂಡು ಅಂತ ಯಾರ್ಯಾರು ಏನೇನು ಕೆಲಸ ಮಾಡ್ತಾರ, ಯಾರ ಕೈಯಾಗ ಏನೈತಿ, ಬ್ಯಾರೆ ಬ್ಯಾರೆ ದೇಶದಾಗ ಅದು ಹೆಂಗೈತಿ, ಹೆಂಗ ಸುಧಾರಿಸಬೇಕು, ಇದನ್ನ ಓದೋದು."

ಅಂಗಡಿಯವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ಯೋಚಿಸಿದ. "ಅಂದ್ರ ಹೊರದೇಶ ಸುಧಾರಿಸಾಕ ಹೊಂಟೀ ಅನ್ನು."

"ಹಂಗೂ ಅನ್ನಬಹುದು ಕಾಕಾ."

"ಹೋಗವ್ವಾ, ಒಳ್ಳೇದಾಗ್ಲಿ. ಹೋಗೋವಾಗ ಹಾದ್ಯಾಗ ನಮ್ಮ ಅಂಗಡಿ ಮುಂದಿನ ಚರಂಡೀನೂ ಒಂಚೂರು ನೋಡ್ಕೊಂಡು ಹೋಗು."

ಗಂಡನ ಹೆಸರು

ರಜೆಯಲ್ಲಿ ಅವಳು ಊರಿನ ಹೆಂಗಸರನ್ನು ಮಾತಾಡಿಸಿ ಅಧ್ಯಯನ ಮಾಡಬೇಕಿತ್ತು. ನಮ್ಮ ಪಡಸಾಲೆಯಲ್ಲಿ ಜಮಖಾನ ಹಾಸಿ ಓಣಿಯವರನ್ನೆಲ್ಲಾ ಕೂಡಿಸಿದೆ. ಮೊದಲ ಪ್ರಶ್ನೆ ಬಹಳ ಸರಳ: ನಿಮ್ಮ ಹೆಸರು, ಗಂಡನ ಹೆಸರು.

ಎಲ್ಲರೂ ಸೆರಗು ಬಾಯಿಗೆ ಅಡ್ಡ ಹಿಡಿದರು. ನಮ್ಮ ಕಡೆ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೇಳಲೇಬೇಕೆಂದರೆ ಪ್ರಾಸ ಕಟ್ಟಿ, ಒಡಪು ಹಾಕಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಈ ಊರಲ್ಲೇ ಹುಟ್ಟಿ ಬೆಳೆದ ನಾದಿನಿ ಒಂದು ವರ್ಷದ ಯೂನಿವರ್ಸಿಟಿಯಲ್ಲಿ ಇದನ್ನು ಮರೆತಿದ್ದಳು. ಪಕ್ಕದ ಮನೆ ಅಜ್ಜಿ ಗಂಟಲು ಸರಿಮಾಡಿಕೊಂಡಳು:

"ಸಂತ್ಯಾಗ ತರ್ತಾರ ಹುಳುಕು ಬದನಿಕಾಯಿ ಆರ್ಸಿ,
ಬಸಪ್ಪನ ಕೂಡ ಬಾಳೇವು ಮಾಡೀನಿ ಎಲ್ಲಾ ಸೈರ್ಸಿ."

ಜಮಖಾನದ ಮೇಲೆ ನಗುವೋ ನಗು. ಅಜ್ಜಿ ಹಾಕಿದ ಮೇಲೆ ಉಳಿದವರು ಬಿಡುತ್ತಾರೆಯೇ? ಒಬ್ಬಳಿಗಿಂತ ಒಬ್ಬಳು ಜೋರು. ಮಧ್ಯಾಹ್ನ ಪೂರ್ತಿ ಮೊದಲ ಪ್ರಶ್ನೆಯಲ್ಲೇ ಕಳೆಯಿತು. ಕೊನೆಗೆ ಅತ್ತೆಯ ಸರದಿ. ಮಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾರೆಂದು ತಿಳಿದೇ ಅತ್ತೆ ದನಿ ಎತ್ತರಿಸಿದರು:

"ಬೆಳಗಾದ್ರ ಬಿಳಿ ಅಂಗಿ ತೊಟ್ಟು ಚಾದಂಗಡಿಗೆ ಓಡ್ತಾರ,
ಚನ್ನಪ್ಪನವ್ರು ಮನೀಗೆ ಉಣ್ಣಾಕ ಮಾತ್ರ ಕೂಡ್ತಾರ."

ಹೊರಗೆ ಒಂದು ಕೆಮ್ಮು ಕೇಳಿಸಿತು. ನಾದಿನಿ ಓಡಿಹೋಗಿ, "ಅಪ್ಪಾ, ಅವ್ವ ನಿನ್ನ ಹೆಸರು ಹೇಳ್ಯಾಳ. ಈಗ ನೀನು ಅವ್ವನ ಹೆಸರು ಹೇಳು, ಒಡಪು ಬ್ಯಾಡ, ಬರೇ ಹೆಸರು ಸಾಕು" ಎಂದಳು.

ಮಾವ ಬಹಳ ಹೊತ್ತು ಹೆಗಲ ಮೇಲಿನ ಟವೆಲ್ಲು ಸರಿಪಡಿಸಿದರು. "ಹೆಸರು ಯಾಕ ಬೇಕು? 'ಏ' ಅಂದ್ರ ಬರ್ತಾಳ."

"ಆದ್ರೂ ಹೇಳಪ್ಪ."

"ರೇಷನ್ ಕಾರ್ಡ್ ನೋಡ್ಕೋ, ಅದ್ರಾಗ ಐತಿ!"

ಆಡು ತಿಂದ ದುಡಿಮೆ

ಅಂಕಿ ಅಕ್ಷರ ಬಾರದವರೂ ಹೇಳುವಂತಾಗಲಿ ಎಂದು ಅವಳ ಮೇಡಂ ಒಂದು ಉಪಾಯ ಕಲಿಸಿದ್ದರಂತೆ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಎರಡು ಸುತ್ತು ಬರೆಯುವುದು, ಒಂದು ಹೆಂಗಸರದು, ಒಂದು ಗಂಡಸರದು. ಮನೆಯಲ್ಲಿ ಯಾರು ಒಂದು ಗಂಟೆ ಕೆಲಸ ಮಾಡಿದರೋ ಅವರ ಸುತ್ತಿನಲ್ಲಿ ಒಂದು ಕಾಳು. ಬಿತ್ತನೆಗೆಂದು ಸುಲಿದಿಟ್ಟ ಹಸಿ ಶೇಂಗಾ ಮನೆಯಲ್ಲಿತ್ತು, ಅದನ್ನೇ ತಂದೆ.

ಮೊದಮೊದಲು ಅತ್ತೆ ಮೂಗು ಮುರಿದರು. ಆಮೇಲೆ ಕೂತರು ನೋಡಿ, ಏಳಲೇ ಇಲ್ಲ. ಕಸ ಹೊಡೆದದ್ದಕ್ಕೆ, ನೀರು ತಂದದ್ದಕ್ಕೆ, ರೊಟ್ಟಿ ಬಡಿದದ್ದಕ್ಕೆ, ಕುರಿ ಹಟ್ಟಿ ಬಳಿದದ್ದಕ್ಕೆ, ಕಳೆ ತೆಗೆದದ್ದಕ್ಕೆ ಕಾಳು ಇಡುತ್ತಾ ಹೋದರು. "ನಿಮ್ಮಪ್ಪನ ಸಿಟ್ಟು ಇಳಿಸಿದ್ದಕ್ಕ ಎಷ್ಟು ಕಾಳು ಇಡಲಿ?" ಎಂದು ಕೇಳಿ ತಾವೇ ಒಂದು ಮುಷ್ಟಿ ಹಾಕಿಕೊಂಡರು. ಹೆಂಗಸರ ಸುತ್ತು ಗುಡ್ಡವಾಯಿತು. ಗಂಡಸರ ಸುತ್ತಿನಲ್ಲಿ ನಾಲ್ಕಾರು ಕಾಳು ನೆಲ ನೋಡುತ್ತಾ ಬಿದ್ದಿದ್ದವು.

"ತಡೀರಿ, ಫೋಟೋ ತಕ್ಕೋತೀನಿ" ಎಂದು ನಾದಿನಿ ಮೊಬೈಲ್ ತರಲು ಒಳಗೆ ಹೋದಳು. ಅಷ್ಟರಲ್ಲಿ ಹಗ್ಗ ಬಿಚ್ಚಿಕೊಂಡ ನಮ್ಮ ಆಡು ಬಂತು. ಗದರಿಸುವಷ್ಟರಲ್ಲಿ ಗುಡ್ಡ ಮಾಯ.

ಅತ್ತೆ ಹಣೆ ಚಚ್ಚಿಕೊಂಡರು. "ಅಯ್ಯಯ್ಯ, ನನ್ನ ಜೀವಮಾನದ ದುಡಿಮಿ ಆಡಿನ ಹೊಟ್ಟಿಗಿ ಹೋತಲ್ಲೇ!"

ಗಂಡಸರ ಸುತ್ತು ಮಾತ್ರ ಇದ್ದಂತೆಯೇ ಇತ್ತು. ಆಡೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಚಿಲಕ ಹಾಕಿದ ಬಚ್ಚಲು

ಆ ನಾಲ್ಕಾರು ಕಾಳು ನೋಡಿ ನಮ್ಮ ಮನೆಯವರಿಗೆ ಬೇಜಾರಾಯಿತು. ರಾತ್ರಿ ಊಟದ ಹೊತ್ತಿಗೆ ತಂಗಿಯನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದರು, "ನಾನು ಬಟ್ಟಿ ಒಗೀತೀನಿ. ನನ್ನ ಲೆಕ್ಕಕ್ಕೆ ಕಾಳು ಇಟ್ಟಿಲ್ಲ ನೀನು."

ಮಾತು ಸುಳ್ಳಲ್ಲ. ನಮ್ಮ ಮಗಳು ಹುಟ್ಟಿದಾಗಿನಿಂದ ಅವಳ ಬಟ್ಟೆ ಒಗೆಯುವುದು ಅವರೇ. ಆದರೆ ಬಚ್ಚಲಿನ ಚಿಲಕ ಹಾಕಿಕೊಂಡು. ಮಾವ ಕೂಗಿದರೆ, "ನಳ ಸೋರಾಕತ್ತೈತಿ ಅಪ್ಪಾ, ರಿಪೇರಿ ಮಾಡಾಕತ್ತೀನಿ" ಎನ್ನುತ್ತಿದ್ದರು. ಎರಡು ವರ್ಷದಿಂದ ಆ ನಳ ದಿನಾ ರಿಪೇರಿ ಆಗುತ್ತಿದೆ.

"ಬರಕೋತೀನಿ ಅಣ್ಣ. ಆದ್ರ ನಾಳಿ ಎಲ್ಲಾರ ಮುಂದ ಓದಿ ಹೇಳಬೇಕಾಕ್ಕೈತಿ, ಅಪ್ಪನ ಮುಂದೂ."

ಇವರು ಪಡಸಾಲೆಯ ಕಡೆ ಒಮ್ಮೆ ಇಣುಕಿ, "ನಳದ ರಿಪೇರಿ ಅಂತ ಬರಿ" ಎಂದರು.

ಹುಡುಗನ ಮುಂದಿಟ್ಟ ಕಾಳು

ರಜೆ ಮುಗಿಯಲು ವಾರವಿರುವಾಗ ಹುಡುಗಿ ನೋಡಲು ಹರಪನಹಳ್ಳಿ ಕಡೆಯಿಂದ ವರ ಬಂದ. ಜೊತೆಗೆ ಅವನ ತಾಯಿ, ಸೋದರಮಾವ. ಸ್ವಂತ ಹೊಲ, ಪಟ್ಟಣದಲ್ಲಿ ಗೊಬ್ಬರದಂಗಡಿ, ನೋಡಲೂ ಕೆಂಪಗಿದ್ದ. ಅತ್ತೆಯ ಮುಖ ಅರಳಿತು. ನಾದಿನಿ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, "ಅತ್ಗಿ, ಒಂದು ವರ್ಷ ಅಷ್ಟ. ಏನಾರ ಮಾಡು" ಎಂದಳು.

ಒಗ್ಗರಣೆ ಮಂಡಕ್ಕಿ, ಮಿರ್ಚಿ ಆಯಿತು. ಸೋದರಮಾವ ಕೇಳಿದ, "ಹುಡುಗಿ ಅದೇನೋ ದೊಡ್ಡದು ಓದ್ತಾಳಂತಲ್ಲ, ಅದರಿಂದ ಮನೆಗೇನು ಉಪಯೋಗ?"

ಮಾವ ಚಹಾ ಊದಿದರು. ನಾದಿನಿ ತಲೆ ತಗ್ಗಿಸಿದಳು. ಉತ್ತರ ಕೊಟ್ಟದ್ದು ಅತ್ತೆ! ಆಡು ತಿಂದ ಗುಡ್ಡದ ಸಂಕಟ ಇನ್ನೂ ಹೋಗಿರಲಿಲ್ಲ ಅಂತ ಕಾಣುತ್ತದೆ. "ಉಪಯೋಗ ಐತ್ರಿ. ತೋರಿಸ್ತೀನಿ ನೋಡ್ರಿ" ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಸುತ್ತು ಎಳೆದು, "ಒಂದೀಟು ಶೇಂಗಾ ತಗೊಂಬಾ" ಎಂದು ನನ್ನನ್ನು ಕೂಗಿದರು.

ಹಸಿ ಶೇಂಗಾದ ಚೀಲ ನನ್ನ ಕಾಲ ಬುಡದಲ್ಲೇ ಇತ್ತು. ನಾನು ಒಲೆಯ ಪಕ್ಕ ಉಪ್ಪು ಖಾರ ಹಾಕಿ ಹುರಿದಿಟ್ಟದ್ದನ್ನು ತಟ್ಟೆ ತುಂಬ ಒಯ್ದೆ.

"ತಮ್ಮಾ, ನಿಮ್ಮ ಮನ್ಯಾಗ ನಿಮ್ಮವ್ವ ಮಾಡೋ ಕೆಲಸಕ್ಕ ಈ ಸುತ್ತಿನಾಗ ಕಾಳು ಇಡು, ನೀ ಮಾಡೋದಕ್ಕ ಆ ಸುತ್ತಿನಾಗ ಇಡು."

ಹುಡುಗ ಒಳ್ಳೆಯವನೇ. ಮೋಸ ಮಾಡಲಿಲ್ಲ. ತಾಯಿಯ ಸುತ್ತಿನಲ್ಲಿ ಧಾರಾಳವಾಗಿ ರಾಶಿ ಹಾಕಿದ, ತನ್ನದರಲ್ಲಿ ಎರಡು ಕಾಳು ಇಟ್ಟ. ಅತ್ತೆ ಮೆಚ್ಚಿ ತಲೆದೂಗಿದರು. ಕೆಲಸ ಕೆಟ್ಟಿತು ಎಂದುಕೊಂಡೆ.

ಆಗ ಸೋದರಮಾವ ಮಳೆ ಬೆಳೆಯ ಮಾತು ತೆಗೆದ. ಹುಡುಗನೂ ಮಾತಿಗಿಳಿದ. ಮಾತಾಡುತ್ತಾ ಮಾತಾಡುತ್ತಾ ಅವನ ಕೈ ತಾಯಿಯ ಸುತ್ತಿಗೆ ಹೋಯಿತು. ಒಂದು ಕಾಳು ಬಾಯಿಗೆ. ಇನ್ನೊಂದು. ಆಮೇಲೆ ಚಿಟಿಕೆ ಚಿಟಿಕೆ. ಗೊಬ್ಬರದ ರೇಟು ಹೇಳುವಷ್ಟರಲ್ಲಿ ಅರ್ಧ ರಾಶಿ ಇಳಿದಿತ್ತು. ಸೋದರಮಾವನೂ ಕೈ ಹಾಕಿದ. ಕೋಣೆಯಲ್ಲಿ ಮಾತಿಗಿಂತ ಕುಟುಂ ಕುಟುಂ ಎಂಬ ಸದ್ದೇ ಹೆಚ್ಚಾಯಿತು. ಅತ್ತೆಯ ಕಣ್ಣು ಆ ಸುತ್ತನ್ನು ಬಿಟ್ಟು ಕದಲಲಿಲ್ಲ.

ಪಾಪ, ಹುಡುಗನ ತಾಯಿ ಅದನ್ನು ಬೇರೆ ಥರ ತಿಳಿದಳು. ತನ್ನ ಸುತ್ತಿನಲ್ಲಿ ಉಳಿದಿದ್ದನ್ನೂ ಮಗನ ಕಡೆ ಸರಿಸಿ, "ತಿನ್ಲಿ ಬಿಡ್ರಿ ಯಕ್ಕ, ಮನ್ಯಾಗೂ ಹಿಂಗೇ" ಎಂದಳು.

ಅವರು ಹೋದ ಮೇಲೆ ಅತ್ತೆ ಖಾಲಿ ಸುತ್ತಿನ ಮುಂದೆ ಕೂತರು. ಸೆರಗಿನಿಂದ ಸೀಮೆಸುಣ್ಣ ಒರೆಸುತ್ತಾ ಮಗಳಿಗೆ ಹೇಳಿದರು, "ಆಡು ತಿಂದ್ರ ಕೋಲು ತಗೊಂಡು ಓಡಿಸಬಹುದು. ಅಳಿಯ ತಿಂದ್ರ ಏನು ಮಾಡೋದವ್ವ? ಹೋಗು, ಓದು ಮುಗಿಸಿಕೊಂಡ ಬಾ."

ಹಿಂದಿನಿಂದ ನಮ್ಮ ಮನೆಯವರು ಮೆಲ್ಲಗೆ ಕೇಳಿದರು, "ಲೇ, ಹಸಿ ಶೇಂಗಾ ಚೀಲ ಕಾಲಾಗ ಇತ್ತಲ್ಲ?"

"ಮನೀಗೆ ಬಂದವ್ರಿಗೆ ಹಸಿ ಶೇಂಗಾ ಕೊಡಾಕ ಆಕ್ಕೈತೇನ್ರಿ? ಮರ್ಯಾದಿ ಬ್ಯಾಡೇನು?"

ಮರುವಾರ ನಾದಿನಿಯನ್ನು ಬಸ್ಸು ಹತ್ತಿಸಲು ಎಲ್ಲರೂ ಹೋದೆವು. ಬಸ್ಸು ತಿರುಗುತ್ತಲೇ ಚಹಾದಂಗಡಿಯವನು ಮತ್ತೆ ಕೇಳಿದ, "ಯಜಮಾನ್ರ, ಮಗಳು ಓದೋದು ಏನಂತ ಹೇಳಿದ್ಲು?"

ಮಾವ ಈ ಸಲ ಚಹಾ ಊದಲಿಲ್ಲ. ಎದೆ ಸೆಟೆಸಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳಿದರು: "ಶೇಂಗಾ ಇಟ್ಟು ಅಳಿಯನ್ನ ಆರಿಸೋದು!"

ಮದುವೆ ವಯಸ್ಸಿಗೆ ಬಂದ ಮಗನಿರುವ ಅಂಗಡಿಯವನು ಎದ್ದು, ಗಲ್ಲಾದ ಪಕ್ಕ ಆ ಮಗ ಮೆಲ್ಲುತ್ತಾ ಕೂತಿದ್ದ ಶೇಂಗಾ ಡಬ್ಬಿಯ ಮುಚ್ಚಳ ಹಾಕಿದ.